ಬೆಟ್ಟದ ಸೈಕಲ್ಲಿಗೆ ಡಿಸ್ಕ್ ಬ್ರೇಕು

ಮಳೆಯಲ್ಲಿ ಇಳಿಜಾರನ್ನು ಇಳಿಯುವಾಗ ಬ್ರೇಕು ಒತ್ತಿದರೂ ಸೈಕಲ್ಲು ನಿಲ್ಲದಿರುವುದುಂಟು. ರಿಮ್ಮಿಗೆ ಹತ್ತಿದ ನೀರೂ ಕೆಸರೂ ರಬ್ಬರಿನ ಹಿಡಿತವನ್ನು ಕಸಿಯುತ್ತವೆ. ಚಕ್ರದ ನಡುವಿನಲ್ಲಿರುವ ಉಕ್ಕಿನ ಡಿಸ್ಕಿಗೆ ಈ ಕಾಟ ಕಡಮೆ. ಹಣ ಮಿತವಾಗಿದ್ದರೆ ಮುಂದಿನ ಚಕ್ರಕ್ಕೆ ಮಾತ್ರ ಅದನ್ನು ತೊಡಿಸಿದರೆ ಸಾಕೆಂದು ನಮ್ಮ ಅಭಿಪ್ರಾಯ. ಬ್ರೇಕು ಹಿಡಿದೊಡನೆ ಭಾರದ ಬಹುಪಾಲು ಮುಂದಕ್ಕೆ ವಾಲುವುದಷ್ಟೆ. ತಂತಿಯಿಂದ ಎಳೆಯುವ ಬಗೆಯದು ಅಗ್ಗ. ವಿ-ಬ್ರೇಕಿನ ಹಳೆಯ ಲಿವರಿಗೆ ಹೊಂದುವಂಥದನ್ನೇ ಕೇಳಿ ಕೊಂಡರೆ ಆ ಖರ್ಚೂ ಉಳಿಯುವುದು. ಡಿಸ್ಕು ಕೂರುವ ಹಬ್ ಮಾತ್ರ ಬೇಕೇ ಬೇಕು.

ಇನ್ನು ಫೋರ್ಕು. 26 ಅಂಗುಲದ ಚಕ್ರದ ರಿಮ್ಮು 160 ಮಿಲಿಮೀಟರಿನ ಡಿಸ್ಕಿಗಿಂತ ಸುಮಾರು ಮೂರೂವರೆ ಪಟ್ಟು ಅಗಲ. ಆದಕಾರಣ ಅಷ್ಟೇ ತಡೆ ಒದಗಲು ಡಿಸ್ಕಿನ ಅಂಚಿನಲ್ಲಿ ಮೂರೂವರೆ ಪಟ್ಟು ಬಲ ಬೇಕು. ಅದನ್ನು ತಾಳುವುದು ಫೋರ್ಕಿನ ಒಂದೇ ಕಾಲು. ಕಾರ್ಖಾನೆಯಲ್ಲೇ ಅದಕ್ಕೆ ನೆಲೆ ಮಾಡಿರದ ಫೋರ್ಕಿಗೆ ಬೆಸುಗೆ ಹಾಕಿಸುವುದಕ್ಕಿಂತ ಹಳೆಯ ಬ್ರೇಕಿಗೆ ಹೊಸ ರಬ್ಬರು ಹಾಕಿಸುವುದೇ ಲೇಸು.