ಪಾಚಿಗೆ ವೋಡ್ಕಾ, ವಿನೆಗರ್, ಸುಣ್ಣದ ತಿಳಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿ ಹಬ್ಬಲು ಮುಖ್ಯವಾಗಿ ಬೇಕಾದದ್ದು ಮೂರು: ಬೆಳಕು, ನೈಟ್ರೇಟ್, ಫಾಸ್ಫೇಟ್. ಬೆಳಕನ್ನು ಸಾಕುವವರೇ ಒದಗಿಸಿರುತ್ತಾರೆ. ಉಳಿದೆರಡು ಮೀನಿಗೆ ಹಾಕುವ ಆಹಾರದಿಂದ ಬರುತ್ತವೆ. ಸೋಸದ ಬೋರ್‌ವೆಲ್ ನೀರು ತುಂಬಿದರೆ ಅದರಿಂದಲೂ ಬರಬಹುದು. ಸಮುದ್ರದಲ್ಲಿ ಈ ಗೊಬ್ಬರ ಅಪಾರ ನೀರಿನಲ್ಲಿ ಹಂಚಿಹೋಗುತ್ತದೆ. ಇನ್ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಅದಕ್ಕೆ ಹೊರದಾರಿಯಿಲ್ಲ. ಕಲ್ಲಿನ ಮೇಲೆ ಹಸಿರು ಕೂದಲು ಪಾಚಿ, ಮರಳಿನ ಮೇಲೆ ಕೆಂಪು ಲೋಳೆ ಕಾಣಿಸಿಕೊಳ್ಳುವುದು ಆಗಲೇ. ತಾಮ್ರವಿರುವ ಪಾಚಿನಾಶಕ ಸುರಿದರೆ ಸಿಗಡಿ, ಶಂಖದ ಹುಳುಗಳೂ ಸಾಯುತ್ತವೆ. ಹಾಗಾಗಿ ಹವ್ಯಾಸಿಗಳು ಅಡುಗೆಮನೆ, ಮದ್ಯದಂಗಡಿ, ಔಷಧಿ ಅಂಗಡಿಗಳತ್ತ ತಿರುಗಿದರು. ಅವರು ಕಂಡುಕೊಂಡ ಮದ್ದುಗಳನ್ನು ತೂಗಲು ಒಂದು ಪ್ರಶ್ನೆ ಸಾಕು: ಪಾಚಿ ಹೀರಿಕೊಂಡಿದ್ದ ಗೊಬ್ಬರ ತೊಟ್ಟಿಯಿಂದ ಹೊರಗೆ ಹೋಯಿತೇ, ಅಲ್ಲೇ ಉಳಿಯಿತೇ?

ಈ ಪರೀಕ್ಷೆಯಲ್ಲಿ ಚೆನ್ನಾಗಿ ಗೆಲ್ಲುವುದು, ಕೇಳಲು ತೀರಾ ವಿಚಿತ್ರವೆನಿಸುವ ವೋಡ್ಕಾ. 2000ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳಿಂದ ಹೊರಟ ಈ ಪದ್ಧತಿ ಅಮೆರಿಕದಲ್ಲೂ ಹರಡಿತು. ಪಾಚಿಗೆ ವೋಡ್ಕಾ ನೇರವಾಗಿ ಏನನ್ನೂ ಮಾಡದು. ಬ್ಯಾಕ್ಟೀರಿಯಾಗಳು ಬೆಳೆಯಲು ಇಂಗಾಲ, ಸಾರಜನಕ, ರಂಜಕ ಮೂರೂ ಬೇಕು. ಹಳೆಯ ತೊಟ್ಟಿಯಲ್ಲಿ ಕೊನೆಯೆರಡು ಧಾರಾಳವಾಗಿರುತ್ತವೆ, ಸುಲಭವಾಗಿ ದಕ್ಕುವ ಇಂಗಾಲಕ್ಕೆ ಮಾತ್ರ ಕೊರತೆ. ವೋಡ್ಕಾದ ಆಲ್ಕೋಹಾಲ್ ಆ ಕೊರತೆ ತುಂಬಿದಾಗ ಬ್ಯಾಕ್ಟೀರಿಯಾ ವೃದ್ಧಿಸಿ, ನೈಟ್ರೇಟ್ ಮತ್ತು ಫಾಸ್ಫೇಟ್‌ಗಳನ್ನು ತಮ್ಮ ಮೈಯೊಳಗೆ ಎಳೆದುಕೊಳ್ಳುತ್ತವೆ. ನೀರಿನೊಳಕ್ಕೆ ಗುಳ್ಳೆ ಹಾಯಿಸಿ ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್, ಈ ಬ್ಯಾಕ್ಟೀರಿಯಾಗಳನ್ನೂ ಎತ್ತಿ ಬಟ್ಟಲಿಗೆ ಹಾಕುತ್ತದೆ. ಬಟ್ಟಲು ಚೆಲ್ಲಿದರೆ ಗೊಬ್ಬರವೂ ಹೊರಗೆ. ಸ್ಕಿಮ್ಮರ್ ಇಲ್ಲದ ತೊಟ್ಟಿಗೆ ವೋಡ್ಕಾ ಹಾಕುವುದರಲ್ಲಿ ಅರ್ಥವಿಲ್ಲ.

ಪ್ರಮಾಣ ತೀರಾ ಕಡಿಮೆ. 40 ಶೇಕಡಾ ಆಲ್ಕೋಹಾಲ್ ಇರುವ, ಪರಿಮಳ ಬೆರೆಸದ ವೋಡ್ಕಾವನ್ನು ಸುಮಾರು 100 ಲೀಟರ್ ನೀರಿಗೆ ದಿನಕ್ಕೆ 0.1 ಮಿ.ಲೀ.ನಂತೆ ಶುರುಮಾಡಿ, ನೈಟ್ರೇಟ್ ಅಳೆಯುತ್ತಾ ವಾರಗಳ ಅವಧಿಯಲ್ಲಿ ಏರಿಸುವುದು ರೂಢಿ. ಅವಸರಪಟ್ಟರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಬಳಸಿಕೊಂಡು ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಮದ್ಯ ಬೇಡವೆನ್ನುವವರಿಗೆ ಬಿಳಿ ವಿನೆಗರ್ ಇದೆ. ಕೆಲಸ ಅದೇ, ವೋಡ್ಕಾದ ಸುಮಾರು ಎಂಟು ಪಟ್ಟು ಪ್ರಮಾಣ ಬೇಕು, ನೀರಿನ ಪಿಎಚ್ ಸ್ವಲ್ಪ ಇಳಿಯುತ್ತದೆ. ಸಕ್ಕರೆ ಹಾಕುವವರೂ ಇದ್ದಾರೆ. ಆದರೆ ಅದರ ಅಳತೆ ತಪ್ಪುವುದು ಸುಲಭ, ಹವಳಗಳು ಅದರಿಂದ ಬಣ್ಣಗೆಡುವುದೂ ಉಂಟು.

ಹವಳದ ಮಾತು ಬಂದಾಗ ಇಲ್ಲಿನ ಕಾನೂನನ್ನು ಹೇಳಲೇಬೇಕು. ಈ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ಹೊರದೇಶಗಳ ಹವಳದ ತೊಟ್ಟಿಗಳಲ್ಲಿ. ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದಾಚೆಯ ನೇತ್ರಾಣಿಯಿಂದ ಒಂದು ತುಂಡು ಕಿತ್ತು ತಂದರೂ ಅಪರಾಧ.

ಸುಣ್ಣದ ತಿಳಿಯ ಬಳಕೆ ವೋಡ್ಕಾಕ್ಕಿಂತ ಹಳೆಯದು. ಯುರೋಪಿನ ಪೀಟರ್ ವಿಲ್ಕೆನ್ಸ್ 1970ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದದ್ದು ಹವಳಗಳಿಗೆ ಕ್ಯಾಲ್ಸಿಯಂ ಒದಗಿಸಲು. ಪಾಚಿಯ ವಿಷಯದಲ್ಲಿ ಆಗುವ ಲಾಭ ಪಕ್ಕದ್ದು. ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಶುದ್ಧ ನೀರಿನಲ್ಲಿ ಕಲಕಿ, ಗಷ್ಟು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಹನಿಹನಿಯಾಗಿ ರಾತ್ರಿ ಬಿಡುತ್ತಾರೆ. ಒಂದಷ್ಟು ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ರೂಪಕ್ಕೆ ತಿರುಗುತ್ತದೆ. ಈ ತಿಳಿಯ ಪಿಎಚ್ 12ಕ್ಕಿಂತ ಹೆಚ್ಚು, ಒಮ್ಮೆಗೇ ಸುರಿದರೆ ಮೀನಿನ ಕಿವಿರು ಸುಡುತ್ತದೆ. ಎಲೆಯಡಿಕೆಯ ಸುಣ್ಣವೂ ಮೂಲದಲ್ಲಿ ಇದೇ ವಸ್ತು. ಆದರೆ ಅದರಲ್ಲಿ ಬಣ್ಣ, ಪರಿಮಳ ಏನೇನು ಬೆರೆತಿದೆಯೆಂದು ತಿಳಿಯದೆ ತೊಟ್ಟಿಗೆ ಹಾಕಬಾರದು.

ಔಷಧಿ ಅಂಗಡಿಯ ಮದ್ದುಗಳ ದಾರಿ ಬೇರೆ; ಅವು ಕೊಲ್ಲುತ್ತವೆ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಅವುಗಳಲ್ಲಿ ಮೊದಲನೆಯದು. ಕಲ್ಲನ್ನು ಹೊರತೆಗೆದು, ಪಾಚಿಯ ಮೇಲೆ ಹನಿಸಿ, ಕೆಲವು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೊಟ್ಟಿಯ ನೀರಿನಲ್ಲೇ ತೊಳೆದಿಡುವುದು ಒಳ್ಳೆಯ ಕ್ರಮ. ಇಲ್ಲಿ ಪಾಚಿಯೇ ಹೊರಗೆ ಬೀಳುತ್ತದೆ. ತೊಟ್ಟಿಗೇ ಹಾಕುವವರು 3 ಶೇಕಡಾ ದ್ರಾವಣವನ್ನು ಸುಮಾರು 40 ಲೀಟರಿಗೆ 1 ಮಿ.ಲೀ. ಲೆಕ್ಕದಲ್ಲಿ ಬಳಸುತ್ತಾರೆ, ಭಾರತದಲ್ಲಿ ಸಾಮಾನ್ಯವಾಗಿ ಸಿಗುವುದು 6 ಶೇಕಡಾ ಇರುವುದರಿಂದ ಅರ್ಧ ಸಾಕು. ಕೆಲವು ಸಿಗಡಿಗಳಿಗೆ ಅದೂ ಹೆಚ್ಚು.

ಗರಿಯಂತೆ ಕವಲೊಡೆಯುವ ಬ್ರಯಾಪ್ಸಿಸ್ ಪಾಚಿ ಇವಕ್ಕೆಲ್ಲ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕೆ ಶಿಲೀಂಧ್ರ ಸೋಂಕಿನ ಮಾತ್ರೆ ಫ್ಲುಕೊನಾಜೋಲನ್ನು ಲೀಟರಿಗೆ ಸುಮಾರು 5 ಮಿ.ಗ್ರಾಂ.ನಂತೆ ಕರಗಿಸಿ ಎರಡು ವಾರ ಬಿಡುವ ಉಪಾಯ ಬಂತು. ಹಲವು ತೊಟ್ಟಿಗಳಲ್ಲಿ ಪಾಚಿ ಪೂರ್ತಿ ಮಾಯವಾದದ್ದು ನಿಜ. ಆದರೆ ಮನುಷ್ಯರ ಸೋಂಕಿಗೆ ಬೇಕಾದ ಔಷಧವನ್ನು ಹೀಗೆ ಸುರಿದು, ಆ ನೀರನ್ನು ಚರಂಡಿಗೆ ಬಿಡುವುದು ಶಿಲೀಂಧ್ರಗಳಿಗೆ ಔಷಧವನ್ನು ತಾಳಿಕೊಳ್ಳುವ ಪಾಠ ಹೇಳಿಕೊಟ್ಟಂತೆ. ಒಂದು ಕಲ್ಲಿನ ಪಾಚಿಗೆ ಇದು ದುಬಾರಿ ಬೆಲೆ. ಸತ್ತ ಪಾಚಿ ಕೊಳೆತು ಗೊಬ್ಬರವನ್ನು ನೀರಿಗೇ ಹಿಂದಿರುಗಿಸುತ್ತದೆ ಬೇರೆ.

ಪಾಚಿಯಿಂದಲೇ ಪಾಚಿ ತಡೆಯುವ ವಿಧಾನ ಇವೆಲ್ಲಕ್ಕಿಂತ ಸರಳ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ ರೂಪಿಸಿದ ಪಾಚಿ ಹಾಸುಗಳು, 1987ರಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ತೆರೆದ ದೊಡ್ಡ ಹವಳದ ಅಕ್ವೇರಿಯಂನಲ್ಲೂ ಬಳಕೆಯಾದವು. ಮನೆಯ ರೂಪಕ್ಕೆ ಕಸೂತಿಯ ಪ್ಲಾಸ್ಟಿಕ್ ಜಾಲರಿ ಸಾಕು: ಒರಟಾಗಿ ಗೀರಿ, ಪಕ್ಕದ ಪೆಟ್ಟಿಗೆಯಲ್ಲಿ ನೇತುಹಾಕಿ, ನೀರು ಹರಿಸಿ, ಪ್ರಖರ ದೀಪ ಹಿಡಿದರೆ ಪಾಚಿ ಅಲ್ಲೇ ದಟ್ಟವಾಗಿ ಬೆಳೆಯುತ್ತದೆ. ವಾರಕ್ಕೊಮ್ಮೆ ಕೆರೆದು ಎಸೆಯಬೇಕು.

ಕಂದು ಲೋಳೆಯ ವಿಷಯದಲ್ಲಿ ಮಾತ್ರ ಗೊಬ್ಬರ ಹೊರಹಾಕುವ ಈ ತರ್ಕ ತಿರುಗುಬಾಣವಾಗಬಹುದು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದ ತೊಟ್ಟಿಗಳಲ್ಲೇ ಈ ಲೋಳೆ ಕಟ್ಟುವ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು ಹೆಚ್ಚಾಗಿ ತಲೆಯೆತ್ತುತ್ತವೆ, ಕೆಲವು ವಿಷವನ್ನೂ ಸೂಸುತ್ತವೆ. ಗುರುತು ಹಿಡಿಯುವ ಉಪಾಯವೂ ಮನೆಯದೇ: ಲೋಳೆಯನ್ನು ಬಾಟಲಿಯಲ್ಲಿ ಜೋರಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ತಿಳಿನೀರನ್ನು ಬೆಳಕಿನಲ್ಲಿಡಬೇಕು. ಒಂದು ಗಂಟೆಯೊಳಗೆ ಎಳೆಗಳು ಮತ್ತೆ ಕೂಡಿಕೊಂಡರೆ ಅವು ಡೈನೋಫ್ಲಾಜೆಲೇಟ್‌ಗಳೇ ಇರಬೇಕು. ಆಗ ವೋಡ್ಕಾ ನಿಲ್ಲಿಸಿ, ಮೂರು ದಿನ ತೊಟ್ಟಿಗೆ ಕಂಬಳಿ ಹೊದಿಸಿ ಕತ್ತಲಾಗಿಸಿ, ಗಾಳಿ ಪಂಪ್ ಓಡಿಸುತ್ತಾರೆ; ಆಮೇಲೆ ಮೀನಿಗೆ ಆಹಾರ ಹೆಚ್ಚಿಸಿ ನೈಟ್ರೇಟನ್ನು ಬೇಕೆಂದೇ ಸ್ವಲ್ಪ ಏರಿಸುತ್ತಾರೆ. ಸಾಧಾರಣ ಹಸಿರು ಪಾಚಿ ತಿರುಗಿ ಕಾಣಿಸಿಕೊಂಡರೆ ಅದು ಚೇತರಿಕೆಯ ಲಕ್ಷಣ.