ಮಡಕೆಯೊಳಗಿನ ರಸಾಯನ

ಕರ್ನಾಟಕದಲ್ಲಿ ದ್ರಾಕ್ಷಾಮದ್ಯದ ಹೆಸರೆತ್ತಿದೊಡನೆ ನಂದಿಬೆಟ್ಟದ ಸುತ್ತಲಿನ ತೋಟಗಳೂ ವಿಜಯಪುರದ ಬಯಲೂ ನೆನಪಿಗೆ ಬರುತ್ತವೆ. ಕಾಪು, ಉಡುಪಿ, ಕಾರ್ಕಳಗಳ ಕರಾವಳಿ ದ್ರಾಕ್ಷಿಯ ನಾಡಲ್ಲ. ಆದರೆ ಇಲ್ಲಿಯೂ ಸಕ್ಕರೆಯು ಮದ್ಯಸಾರವಾಗುವ ವ್ಯಾಪಾರ ದಿನವೂ ನಡೆಯುತ್ತದೆ. ಅದು ನಡೆಯುವುದು ನೆಲಮಾಳಿಗೆಯ ಪೀಪಾಯಿಗಳಲ್ಲಲ್ಲ, ತೆಂಗಿನ ಮರದ ತಲೆಗೆ ಕಟ್ಟಿದ ಮಡಕೆಯಲ್ಲಿ.

ಮೂರ್ತೆದಾರನು ಮರವೇರಿ, ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲನೆ ತಟ್ಟಿ, ಅದರ ತುದಿಯನ್ನು ಹರಿತವಾದ ಕತ್ತಿಯಿಂದ ತೆಳುವಾಗಿ ಕೊಯ್ಯುತ್ತಾನೆ. ಕಾಯಿಯನ್ನು ಪೋಷಿಸಬೇಕಾಗಿದ್ದ ಸಿಹಿರಸ ಅಲ್ಲಿಂದ ತೊಟ್ಟಿಕ್ಕುತ್ತದೆ. ಅದರ ತೂಕದಲ್ಲಿ ಸುಮಾರು ನೂರಕ್ಕೆ ಹದಿನೈದು ಪಾಲು ಸಕ್ಕರೆಯೇ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಸೂಕ್ಷ್ಮಜೀವಿಗಳು ಬೆಳೆಯಲಾರವು. ರಸ ಸಿಹಿಯಾದ ನೀರಾ ಆಗಿಯೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಿಂದಲೂ ಹಿಂದಿನ ದಿನದ ಮಡಕೆಯಿಂದಲೂ ಬಂದ ಯೀಸ್ಟ್ ಕಣಗಳು ಕೂಡಲೇ ಕೆಲಸಕ್ಕೆ ತೊಡಗುತ್ತವೆ. ಬೆಚ್ಚಗಿನ ಹವೆ ಅವಕ್ಕೆ ಸಹಾಯಕ. ದ್ರಾಕ್ಷಾರಸಕ್ಕೆ ದಿನಗಳು ಬೇಕಾಗುವ ಕಾರ್ಯ ಇಲ್ಲಿ ಗಂಟೆಗಳಲ್ಲಿ ಮುಗಿಯುತ್ತದೆ.

ಇದಕ್ಕೆ ಜೀವಿಗಳೇ ಕಾರಣವೆಂಬುದನ್ನು ಲೂಯಿ ಪಾಶ್ಚರ್ 1857ರಿಂದ ಮುಂದಕ್ಕೆ ತನ್ನ ಪ್ರಯೋಗಗಳಿಂದ ತೋರಿಸಿದನು. 1897ರಲ್ಲಿ ಎಡುವಾರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿದ ರಸವೊಂದೇ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ಕಂಡನು. ಕೆಲಸ ಜೀವಕೋಶದ್ದು, ಉಪಕರಣ ಅದರೊಳಗಿನ ಕಿಣ್ವ ಎಂದಾಯಿತು.

ಈಗ ಒಂದು ಲೆಕ್ಕ ಮಾಡೋಣ. ಒಂದು ಲೀಟರ್ ರಸದಲ್ಲಿ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿತೆನ್ನಿ. 5 ಗ್ರಾಂ ನೀರು ಅದರೊಡನೆ ಕೂಡಿ, ಸುಮಾರು 54 ಗ್ರಾಂ ಮದ್ಯಸಾರವೂ 51 ಗ್ರಾಂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ವಾಯುಮಂಡಲದ ಒತ್ತಡದಲ್ಲಿ, ಆ ಅನಿಲಕ್ಕೆ ಸುಮಾರು 29 ಲೀಟರ್ ಸ್ಥಳ ಬೇಕು! ಹುದುಗುತ್ತಿರುವ ರಸವನ್ನು ಗಾಜಿನ ಶೀಸೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚುವುದು ಎಷ್ಟು ಅಪಾಯಕರವೆಂದು ಇದರಿಂದಲೇ ತಿಳಿಯುತ್ತದೆ.

ಅದೇ ಅನಿಲ ಅಡುಗೆಮನೆಯಲ್ಲಿ ಉಪಕಾರಿ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಅಕ್ಕಿಯ ಹಿಟ್ಟಿಗೆ ಕಳ್ಳು ಬೆರೆಸಿ 'ಸನ್ನ' ಬೇಯಿಸುತ್ತಾರೆ. ಹಿಟ್ಟಿನಲ್ಲಿ ಸಿಕ್ಕಿಬಿದ್ದ ಗುಳ್ಳೆಗಳು ಹಬೆಯ ಕಾವಿಗೆ ಹಿಗ್ಗಿ ಅದನ್ನು ಉಬ್ಬಿಸುತ್ತವೆ. ಮದ್ಯಸಾರದ ಒಂದು ಪಾಲು ಹಬೆಯೊಡನೆ ಹಾರಿಹೋಗುತ್ತದೆ. ಪೂರ್ತಿ ಹೋಗುತ್ತದೆಂದು ಹೇಳಲಾಗದು. ಉಡುಪಿಯ ಇಡ್ಲಿ ಉಬ್ಬುವುದೂ ಇದೇ ಅನಿಲದಿಂದ. ಅಲ್ಲಿ ಕಳ್ಳಿಲ್ಲ, ಉದ್ದು ಅಕ್ಕಿಗಳ ಹಿಟ್ಟಿನಲ್ಲಿ ಬೆಳೆದ ಬ್ಯಾಕ್ಟೀರಿಯಗಳೇ ಅನಿಲವನ್ನೂ ಹುಳಿಯನ್ನೂ ಕೊಡುತ್ತವೆ.

ಕಳ್ಳನ್ನು ಗಾಳಿಗೆ ತೆರೆದಿಟ್ಟರೆ ಬೇರೆ ಬ್ಯಾಕ್ಟೀರಿಯಗಳು ಆಮ್ಲಜನಕದ ನೆರವಿನಿಂದ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಇದೇ ವಿನೆಗರ್. ಮಾಂಸದ ಪದಾರ್ಥಕ್ಕೆ ಅದು ಹುಳಿ ಕೊಡುತ್ತದೆ. ಇನ್ನು ಬಂಗುಡೆ, ಬೂತಾಯಿಗಳ ವಾಸನೆಗೆ ಮುಖ್ಯ ಕಾರಣ ಟ್ರೈಮಿಥೈಲಮೀನ್ ಎಂಬ ಪ್ರತ್ಯಾಮ್ಲ. ಹುಳಿ ತಗುಲಿದಾಗ ಅದು ಆವಿಯಾಗದ ಲವಣವಾಗುತ್ತದೆ, ವಾಸನೆ ಅಡಗುತ್ತದೆ. ಮೀನುಸಾರಿಗೆ ಹುಣಿಸೆ ಹಿಂಡುವುದರಲ್ಲಿಯೂ, ಪಶ್ಚಿಮದವರು ಮೀನಿನೊಡನೆ ಹುಳಿ ಹೆಚ್ಚಾದ ಬಿಳಿಯ ದ್ರಾಕ್ಷಾಮದ್ಯವನ್ನು ಆರಿಸುವುದರಲ್ಲಿಯೂ ಈ ಒಂದೇ ರಸಾಯನವನ್ನು ಕಾಣಬಹುದು.

ಹೊಂದಿಕೆ ರುಚಿಯ ಮಾತು. ಆರೋಗ್ಯದ ಮಾತು ಬೇರೆ. ಮದ್ಯಸಾರದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ.

ವಿದ್ಯಾರ್ಥಿಗಳು ಹುದುಗನ್ನು ಅರಿಯಲು ಕಳ್ಳನ್ನು ಅರಸಬೇಕಾಗಿಲ್ಲ. ಅರೆದಿಟ್ಟ ಇಡ್ಲಿ ಹಿಟ್ಟನ್ನು ಎರಡು ಶೀಸೆಗಳಲ್ಲಿ ಅರ್ಧದಷ್ಟು ಮಾತ್ರ ತುಂಬಿ, ಬಾಯಿಗೆ ಬಲೂನು ಕಟ್ಟಿ, ಒಂದನ್ನು ಒಲೆಯ ಹತ್ತಿರದ ಬೆಚ್ಚನೆಯ ಸ್ಥಳದಲ್ಲಿಯೂ ಇನ್ನೊಂದನ್ನು ಶೀತಕಪೆಟ್ಟಿಗೆಯಲ್ಲಿಯೂ ಇಡಿ. ಬೆಳಗಾಗುವಷ್ಟರಲ್ಲಿ ಯಾವ ಬಲೂನು ಉಬ್ಬಿದೆ, ಏಕೆ ಉಬ್ಬಿದೆ ಎಂಬುದನ್ನು ನೀವೇ ವಿವರಿಸಬಲ್ಲಿರಿ.