ಹಿರಿಯರಿಗೆ ದಾರಿ ತಪ್ಪುವುದೇಕೆ?

'ತಾತನಿಗೆ ಈಚೆಗೆ ದಾರಿ ಗೊತ್ತಾಗುವುದಿಲ್ಲ, ಒಬ್ಬರನ್ನೇ ಕಳಿಸಬೇಡಿ' ಎಂಬ ಮಾತನ್ನು ಅನೇಕ ಮನೆಗಳಲ್ಲಿ ಕೇಳುತ್ತೇವೆ. ಅಂದಿನಿಂದ ತಾತನ ಓಡಾಟ ಮನೆಯ ಅಂಗಳಕ್ಕೆ ನಿಂತುಬಿಡುತ್ತದೆ. ದಾರಿ ತಪ್ಪಲು ಕಾರಣವೇನು ಎಂದು ವಿಚಾರಿಸುವವರು ಕಡಿಮೆ.

ದಾರಿ ಹುಡುಕಲು ನಮ್ಮ ಮಿದುಳು ಮುಖ್ಯವಾಗಿ ಎರಡು ವಿಧಾನಗಳನ್ನು ಅನುಸರಿಸುತ್ತದೆ. ಮೊದಲನೆಯದು ರೂಢಿ. ಅರಳಿಕಟ್ಟೆಯ ಬಳಿ ಎಡಕ್ಕೆ, ಹಿಟ್ಟಿನ ಗಿರಣಿಯ ಬಳಿ ಬಲಕ್ಕೆ ಎಂದು ಕಾಲು ತಾನಾಗಿ ತಿರುಗುತ್ತದೆ. ಎರಡನೆಯದು ಮನಸ್ಸಿನ ನಕಾಶೆ, ಅಂದರೆ ಯಾವುದು ಎಲ್ಲಿದೆ ಎಂಬ ಒಟ್ಟು ಚಿತ್ರ. ರಸ್ತೆ ಅಗೆದಿದ್ದರೆ ಬಳಸುದಾರಿ ಹೊಳೆಯುವುದು ಇದರಿಂದ. ಈ ನಕಾಶೆಗೆ ಆಧಾರವಾದ ಜೀವಕೋಶಗಳನ್ನು ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಜಾನ್ ಓಕೀಫ್ 1971ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಗುರುತಿಸಿದರು. ಅದರ ನೆರೆಯ ಭಾಗದಲ್ಲಿ ಅಳತೆಗೆರೆಗಳಂತೆ ಕೆಲಸ ಮಾಡುವ ಕೋಶಗಳನ್ನು ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ 2005ರಲ್ಲಿ ಕಂಡುಹಿಡಿಯಿತು. ಮೂವರಿಗೂ 2014ರ ನೊಬೆಲ್ ಬಹುಮಾನ ದೊರೆಯಿತು.

ವಯಸ್ಸಾದಂತೆ ಹೊಸ ನಕಾಶೆ ರೂಪಿಸುವ ಶಕ್ತಿ ಕುಂದುತ್ತದೆ. ರೂಢಿಯ ದಾರಿ ಬಹುಕಾಲ ಉಳಿಯುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ಕನ್ನೇ ನೋಡಿ. ಆ ಹೆಸರು ಕೊಟ್ಟ ಚಿತ್ರಮಂದಿರ ಈಗಿಲ್ಲ. ನೆಲದಡಿಯ ಮೆಟ್ರೊ ನಿಲ್ದಾಣದಲ್ಲಿ ಸೂರ್ಯನೂ ಕಾಣುವುದಿಲ್ಲ, ಹಳೆಯ ಗುರುತುಗಳೂ ಇಲ್ಲ. ದಶಕಗಳಿಂದ ಅಲ್ಲಿ ಓಡಾಡಿದವರೂ ತಬ್ಬಿಬ್ಬಾಗುವುದು ಸಹಜ. ಅದು ದಡ್ಡತನವಲ್ಲ. ಜೊತೆಗೆ ಕಣ್ಣಿನ ಮಸೂರ ಹಳದಿಗಟ್ಟಿ, ಮಂದ ಬೆಳಕಿನಲ್ಲಿ ಫಲಕ ಓದುವುದೂ ಕಷ್ಟವಾಗುತ್ತದೆ.

ಹಾಗಾದರೆ ನಾವೇನು ಮಾಡಬಹುದು? 'ಇನ್ನೂರು ಮೀಟರು ಹೋಗಿ ಉತ್ತರಕ್ಕೆ ತಿರುಗಿ' ಎನ್ನಬೇಡಿ. ದೇವಸ್ಥಾನ, ಅಂಚೆ ಕಚೇರಿ, ನೀರಿನ ಟ್ಯಾಂಕು ಮುಂತಾದ, ಜಾಗ ಬದಲಿಸದ ಗುರುತುಗಳನ್ನು ಹೇಳಿ. ತಳ್ಳುಗಾಡಿ, ಭಿತ್ತಿಪತ್ರಗಳನ್ನು ನಂಬಬೇಡಿ. ತಿರುವು ಕಡಿಮೆಯಿರುವ ದಾರಿ ತುಸು ಉದ್ದವಾದರೂ ಮೇಲು. ಹೊಸ ದಾರಿಯಲ್ಲಿ ಮೊದಲ ದಿನ ನೀವು ಮುಂದೆ ನಡೆಯಿರಿ. ಮರುದಿನ ಅವರನ್ನು ಮುಂದೆ ಬಿಟ್ಟು ಹಿಂದೆ ನಡೆಯಿರಿ. ಪ್ರತಿ ತಿರುವಿನಲ್ಲೂ ಒಮ್ಮೆ ಹಿಂದಿರುಗಿ ನೋಡಲು ಹೇಳಿ, ಏಕೆಂದರೆ ಮರಳಿ ಬರುವಾಗ ಅದೇ ರಸ್ತೆ ಬೇರೆಯಾಗಿ ಕಾಣುತ್ತದೆ. ದಪ್ಪ ಅಕ್ಷರದಲ್ಲಿ ವಿಳಾಸ, ಫೋನ್ ಸಂಖ್ಯೆ ಬರೆದ ಚೀಟಿ ಜೇಬಿನಲ್ಲಿರಲಿ.

ಒಂದು ಎಚ್ಚರಿಕೆ. ಹೊಸ ಜಾಗದಲ್ಲಿ ಗೊಂದಲಗೊಳ್ಳುವುದು ಬೇರೆ, ತಮ್ಮ ಬೀದಿಯಲ್ಲೇ ಮನೆ ಸಿಗದಿರುವುದು ಬೇರೆ. ಆಲ್ಝೈಮರ್ ಕಾಯಿಲೆ ಬಹಳ ಬೇಗ ತಾಕುವುದು ಮೋಸರ್ ಅವರ ತಂಡ ಅಧ್ಯಯನ ಮಾಡಿದ ಆ ಭಾಗವನ್ನೇ. ಆದ್ದರಿಂದ ತಮ್ಮ ಬೀದಿಯಲ್ಲೇ ದಾರಿ ತಪ್ಪಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಿರಿಯ ನಾಗರಿಕರಿಗೆ ನೆರವಾಗಲು 14567 ಎಂಬ ಉಚಿತ ಸಹಾಯವಾಣಿಯೂ ಇದೆ.

ಉಳಿದಂತೆ, ಹಿರಿಯರನ್ನು ಮನೆಯಲ್ಲಿ ಕೂರಿಸುವುದು ಪರಿಹಾರವಲ್ಲ. ಈ ಭಾನುವಾರ ನಿಮ್ಮ ಅಜ್ಜಿಯೊಡನೆ ಅವರಿಗೆ ಬೇಕಾದ ಕಡೆಗೆ ಒಮ್ಮೆ ನಡೆದುಹೋಗಿ ಬನ್ನಿ. ದಾರಿಯನ್ನು ಅವರೇ ತೋರಿಸಲಿ.